ಸೋಲಾರಿಗೂ ಪುರುಡು

ಕನಕಮ್ಮನಿಗೆ ಹೊಗೆಯ ಮೇಲಿರುವ ಹೇಸಿಗೆ ಬೇರೆಯವರಿಗೆ ಹೇಲಿನ ಮೇಲೂ ಇರಲಿಕ್ಕಿಲ್ಲ. ಬೇತಮಂಗಲದಿಂದ ಬಂಗಾರಪೇಟೆಗೆ ಹೋಗುವ ದಾರಿ ಬಿಟ್ಟು ಒಂದಿಷ್ಟು ಒಳಗೆ ನಡೆದರೆ ಸಿಗುವ ಅವಳ ಹಳ್ಳಿಯಲ್ಲಿ, ಯಾರ ಹಿತ್ತಲಲ್ಲಿ ಹೊಗೆ ಎದ್ದರೂ ಅವಳ ಮುಖ ಸಿಂಡರಿಸಿಕೊಳ್ಳುತ್ತದೆ. ಸೆರಗು ಮೂಗಿಗೆ ಹೋಗುತ್ತದೆ. ಇವಳೇನು ದೊರೆಸಾನಿಯೋ ಎಂದು ಹೆಂಗಸರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ ಬಿಡಿ.

ಅವಳ ತಪ್ಪೇನೂ ಇಲ್ಲ. ಮದುವೆಯಾಗಿ ಈ ಮನೆಗೆ ಬಂದ ಮಾರನೇ ದಿನವೇ ಅತ್ತೆ ಅವಳನ್ನು ಬಚ್ಚಲೊಲೆಯ ಮುಂದೆ ಕೂರಿಸಿ ಕೈಗೆ ಊದುಗೊಳವೆ ಕೊಟ್ಟಿದ್ದಳು. ಅತ್ತೆ ಸತ್ತಳು, ಊದುವುದು ಮಾತ್ರ ನಿಲ್ಲಲಿಲ್ಲ. ನೀಲಗಿರಿ ಸೊಪ್ಪು, ಹಿಪ್ಪುನೇರಳೆ ಕಡ್ಡಿ, ಒಣಗಿದ ಟೊಮೇಟೊ ಗಿಡ, ಹೀಗೆ ಸಿಕ್ಕಿದ್ದನ್ನೆಲ್ಲ ಆ ಒಲೆ ತಿನ್ನುತ್ತಿತ್ತು. ಮಳೆಗಾಲದಲ್ಲಿ ಯಾವುದೂ ಹತ್ತದೆ ಹೋದಾಗ ಗಂಡ ದೊಡ್ಡವೆಂಕಟಪ್ಪ ಟೊಮೇಟೊ ಸಾಲಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ, ಹರಿದ ಚಪ್ಪಲಿ, ಡ್ರಿಪ್ ಪೈಪಿನ ತುಂಡು, ಎಲ್ಲ ತಂದು ತುರುಕುತ್ತಿದ್ದ. ಆ ನಾತ ಸೀರೆಗೆ ಹತ್ತುತ್ತಿತ್ತು, ತಲೆಗೂದಲಿಗೆ ಹತ್ತುತ್ತಿತ್ತು, ಉಣ್ಣುವ ಮುದ್ದೆಗೂ ಹತ್ತುತ್ತಿತ್ತು. ಗಂಡ ಮಾತ್ರ ಕಾದ ನೀರು ಹುಯ್ದುಕೊಂಡು, ಮೈ ಒರೆಸಿಕೊಂಡು, ಇವತ್ತು ಯಾಕೋ ನೀರು ಸಾಲದಾಯಿತು ಎಂದು ಹೊರಗೆ ಬರುತ್ತಿದ್ದ. ಅದೂ ಶನಿವಾರ ಮಾತ್ರ. ಮಿಕ್ಕ ದಿನ ಅವನಿಗೆ ಸ್ನಾನದ ಗೊಡವೆಯೇ ಇರಲಿಲ್ಲ.

ಮಗಳು ಭಾನುಪ್ರಿಯ ಹುಟ್ಟಿ ಮಲಗಿದ್ದು ಆ ಬಚ್ಚಲಿನ ಪಕ್ಕದ ಕೋಣೆಯಲ್ಲಿ. ಎಳೆಗೂಸಿನ ಎದೆ ಗೊರಗೊರ ಎನ್ನತೊಡಗಿದ್ದು ಆಮೇಲೆ ನಿಲ್ಲಲೇ ಇಲ್ಲ. ದೊಡ್ಡವಳಾದರೂ ಹೊಗೆ ತಾಕಿದರೆ ಸಾಕು, ಉಬ್ಬಸ. ಹುಡುಗಿ ಕಿಟಕಿಯ ಸರಳು ಹಿಡಿದು, ಬಾಯಿ ತೆರೆದು ಉಸಿರಿಗೆ ಹೆಣಗುವುದನ್ನು ನೋಡಿದಾಗಲೆಲ್ಲ ಕನಕಮ್ಮನಿಗೆ ಒಲೆಯನ್ನು ಹಾರೆಯಿಂದ ಮೀಟಿ ಎಸೆಯಬೇಕು ಅನ್ನಿಸುತ್ತಿತ್ತು. ಎಸೆದರೆ ನೀರು ಕಾಯಿಸುವುದು ಎಲ್ಲಿ ಎಂಬ ಪ್ರಶ್ನೆಗೆ ಆಗ ಅವಳಲ್ಲಿ ಉತ್ತರವಿರಲಿಲ್ಲ.

ಭಾನುಪ್ರಿಯ ಮದುವೆಯಾಗಿ, ಚೊಚ್ಚಲು ಬಸುರಿ ಎಂಬ ಸುದ್ದಿ ಬಂದಾಗ ಕನಕಮ್ಮ ಉತ್ತರ ಕಂಡುಕೊಂಡಳು. ಮೊದಲ ಬಾಣಂತನ ತವರಲ್ಲೇ ತಾನೆ. ಮಗಳು ಆ ಹೊಗೆಗೆ ಮತ್ತೆ ಬರಕೂಡದು, ಅವಳ ಕೂಸಿನ ಎದೆಗೆ ಆ ಗೊರಗೊರ ಹತ್ತಕೂಡದು. ಡೈರಿಗೆ ಹಾಲು ಹಾಕಿ ತಾನೇ ಕೂಡಿಟ್ಟದ್ದನ್ನು ತೆಗೆದು ಗಂಡನ ಮುಂದಿಟ್ಟು, "ಮನೆ ಮೇಲೆ ಸೋಲಾರು ಕೂರ್ಬೇಕು" ಎಂದಳು.

"ಬಿಸ್ಲಲ್ಲಿ ಕಾದ ನೀರಾ? ಎಮ್ಮೆ ಮೈಗೆ ಉಯ್ಯಕಾಯ್ತದೆ" ಎಂದು ದೊಡ್ಡವೆಂಕಟಪ್ಪ ನಕ್ಕ.

"ಎಮ್ಮೆಗೇ ಉಯ್ತೀನಿ ಬಿಡು" ಎಂದಳು ಅವಳು.

ಉರಿಗಾಮಿನಿಂದ ಆರುಮುಗಂ ಎಂಬ ಕೊಳಾಯಿ ಕೆಲಸದವನು ಬಂದ. ತಾರಸಿಯ ಮೇಲೆ ಗಾಜಿನ ಕೊಳವೆಗಳನ್ನು ಸಾಲಾಗಿ ಓರೆಗೆ ಜೋಡಿಸಿ, ಮೇಲೆ ಟ್ಯಾಂಕು ಕೂರಿಸಿ, ಬಚ್ಚಲಿಗೆ ನಲ್ಲಿ ಇಳಿಸಿದ. "ಇನಿಮೇ ಅಡುಪ್ಪು ವೇಂಡಾ ಅಕ್ಕಾ. ಇನ್ಮೇಲೆ ಒಲೆ ಬೇಡ, ಅದರ ಆಸೆ ಬಿಟ್ಟುಬಿಡಿ" ಎಂದು ಹೇಳಿ ಹೋದ. ನಮ್ಮ ಕಡೆ ಇನ್ನೇನಿಲ್ಲದಿದ್ದರೂ ಬಿಸಿಲಿಗೆ ಬರವಿಲ್ಲ. ಮಾರನೇ ಬೆಳಿಗ್ಗೆ ನಲ್ಲಿ ತಿರುವಿದರೆ ಕೈ ಇಡಲಾಗದ ನೀರು. ಕನಕಮ್ಮ ಬಚ್ಚಲಲ್ಲಿ ಒಬ್ಬಳೇ ಕೂತು, ಮೂಗರಳಿಸಿ, ಯಾವ ವಾಸನೆಯೂ ಇಲ್ಲದ ಆ ಬಿಸಿಯನ್ನು ಮೈಮೇಲೆ ಹುಯ್ದುಕೊಂಡೇ ಹುಯ್ದುಕೊಂಡಳು. ಅಷ್ಟು ಹೊತ್ತು ಅವಳು ಹಿಂದೆಂದೂ ಸ್ನಾನ ಮಾಡಿರಲಿಲ್ಲ.

ಅವಳ ಸುಖ ಅಷ್ಟಕ್ಕೇ ಮುಗಿಯಿತು. ಎಮ್ಮೆಗೆ ಹುಯ್ಯಬೇಕಾದ ನೀರು ಎಂದು ನಕ್ಕಿದ್ದವನು ಒಂದು ವಾರದಲ್ಲಿ ಅದರ ಯಜಮಾನನಾಗಿಬಿಟ್ಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಬಂದವರನ್ನೆಲ್ಲ ತಾರಸಿಗೆ ಹತ್ತಿಸಿ, "ಸೂರ್ಯನಾರಾಯಣನೇ ನಮ್ಮನೇಲಿ ನೀರು ಕಾಯಿಸ್ತಾವನೆ" ಎಂದು ತೋರಿಸುತ್ತಿದ್ದ. ಟ್ಯಾಂಕಿಗೆ ಅರಿಶಿನ, ಕುಂಕುಮ, ಹೂವಿನ ಹಾರ, ತೆಂಗಿನಕಾಯಿ. ಊರಾಚೆಯ ಆಂಜನೇಯನ ಗುಡಿಯ ಪೂಜೆ ಅವರ ಮನೆತನದ್ದು. ಇಷ್ಟು ದಿನ ತಲೆಗೆ ನಾಲ್ಕು ಹನಿ ಚಿಮುಕಿಸಿಕೊಂಡು ದೀಪ ಹಚ್ಚಿ ಬರುತ್ತಿದ್ದವನು ಈಗ ದಿನಾ ನಸುಕಿನಲ್ಲೆದ್ದು, ಬಿಸಿನೀರಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬೀದಿಯುದ್ದಕ್ಕೂ ನಡೆದು ಹೋಗತೊಡಗಿದ. ಮೊದಲೂ ಅವನೇನು ನೀರು ಕಾಯಿಸಿಕೊಳ್ಳುತ್ತಿರಲಿಲ್ಲ, ಈಗಲೂ ಇಲ್ಲ. ಹೆಂಡತಿ ಕಾಯಿಸಿದ ನೀರಿಗೆ ಬಾರದ ಭಕ್ತಿ ಬಿಸಿಲು ಕಾಯಿಸಿದ ನೀರಿಗೆ ಹೇಗೆ ಬಂತೋ ಆ ಆಂಜನೇಯನೇ ಹೇಳಬೇಕು.

ಪಕ್ಕದ ಮನೆಯ ರಾಧಳಿಗೆ ಹೆರಿಗೆಯಾಗಿದ್ದು ಆ ದಿನಗಳಲ್ಲೇ. ಹೆರಿಗೆಯಾದ ಮನೆಯಲ್ಲಿ ಹನ್ನೊಂದು ದಿನ ಪುರುಡು. ಬಾಣಂತಿಯನ್ನಾಗಲಿ ಕೂಸನ್ನಾಗಲಿ ಮುಟ್ಟಿದರೆ ಮೈಲಿಗೆ. ರಾಧಳ ಗಂಡ ಕೂಸಿಗೆಂದು ಒಂದು ಬಕೀಟು ಬಿಸಿನೀರು ಕೇಳಿಕೊಂಡು ಬಂದ. ದೊಡ್ಡವೆಂಕಟಪ್ಪ ಅವನನ್ನು ಬೀದಿಯಲ್ಲೇ ನಿಲ್ಲಿಸಿ, ನಾಲ್ಕು ಮನೆಗೆ ಕೇಳುವ ಹಾಗೆ, "ಇದು ದೇವರ ನೀರು ಕಣ್ಲಾ. ಪುರುಡು ಮುಟ್ಟುದ್ರೆ ಟ್ಯಾಂಕು ಪೂರಾ ಅನ್ನೊಂದು ದಿನ ಮೈಲಿಗೆ. ನಾನು ಗುಡಿಗೆ ಓಗೋದೆಂಗೆ?" ಎಂದು ಕೇಳಿದ. ರಾಧ ಒಳಗೆ ಮಲಗಿಯೇ ಅದನ್ನು ಕೇಳಿಸಿಕೊಂಡಳು. ದೊಡ್ಡವೆಂಕಟಪ್ಪ ಗುಡಿಗೆ ಹೋದದ್ದೇ ಕನಕಮ್ಮ ಗೋಡೆಯ ಮೇಲಿಂದ ಒಂದು ಬಿಂದಿಗೆ ನೀರು ದಾಟಿಸಿದಳು. ಅದು ಹೇಗೋ ಅವನ ಕಿವಿಗೆ ಬಿದ್ದು, ಅವತ್ತೇ ಬಚ್ಚಲ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಅವನ ಉಡಿದಾರ ಸೇರಿತು.

ಆದರೂ ತನ್ನ ಮಗಳ ವಿಷಯಕ್ಕೆ ಬಂದಾಗ ಈ ಹುಚ್ಚಾಟ ನಡೆಯುವುದಿಲ್ಲ ಎಂದೇ ಕನಕಮ್ಮ ನಂಬಿದ್ದಳು. ಎಷ್ಟೆಂದರೂ ಹೆತ್ತ ತಂದೆ, ಕರುಳು ಇರುತ್ತದಲ್ಲ.

ಭಾನುಪ್ರಿಯ ಬಂಗಾರಪೇಟೆಯ ಆಸ್ಪತ್ರೆಯಿಂದ ಹೆಣ್ಣುಕೂಸನ್ನೆತ್ತಿಕೊಂಡು ಆಟೋದಲ್ಲಿ ಬಂದಿಳಿದಳು. ದೊಡ್ಡವೆಂಕಟಪ್ಪ ದೂರದಲ್ಲೇ ನಿಂತು ಮೊಮ್ಮಗಳನ್ನು ನೋಡಿ ಕಣ್ಣು ಒರೆಸಿಕೊಂಡ. ಆಮೇಲೆ ಹೆಂಡತಿಯನ್ನು ಹಿತ್ತಲಿಗೆ ಕರೆದು, ತಗಡಿನ ಮರೆಯಲ್ಲಿ ಹೊಸದಾಗಿ ಹೂಡಿಸಿದ್ದ ಒಲೆಯನ್ನೂ, ಅದರ ಮೇಲೆ ಕೂರಿಸಿದ್ದ ಹಳೆಯ ಹಂಡೆಯನ್ನೂ, ಪಕ್ಕದಲ್ಲಿ ಒಟ್ಟಿಸಿದ್ದ ನೀಲಗಿರಿ ಸೌದೆಯನ್ನೂ ತೋರಿಸಿದ. ಸೌದೆ ಆಗಷ್ಟೇ ಕಡಿದದ್ದು, ಇನ್ನೂ ಹಸಿ.

"ಸೋಲಾರು ನಾನು ಯಾಕೆ ಆಕ್ಸಿದ್ದು?" ಎಂದಳು ಕನಕಮ್ಮ.

"ಅನ್ನೊಂದು ದಿನ ತಾನೆ. ಪುರುಡಿನೋಳು ನಲ್ಲಿ ಮುಟ್ಟಂಗಿಲ್ಲ. ಅವಳನ್ನ ಮುಟ್ಟೋಳು ನೀನು, ನೀನೂ ಮುಟ್ಟಂಗಿಲ್ಲ."

"ಅವಳು ನಿನ್ನ ಮಗಳು."

"ಕೊಟ್ಟ ಎಣ್ಣು. ಅವಳ ಪುರುಡು ಅವಳ ಗಂಡನ ಮನೇದು. ನಾನು ತಾಕದಿದ್ರೆ ನಂಗೇನಿಲ್ಲ" ಎಂದು ಅವನು ಲೆಕ್ಕ ಒಪ್ಪಿಸಿದ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಕೋಳಿ ತಿಂದ ಕೈಯನ್ನು ಪಂಚೆಗೆ ಒರೆಸಿಕೊಂಡು ಗುಡಿಯ ಗಂಟೆ ಹೊಡೆದವನನ್ನು ಕನಕಮ್ಮ ಕಣ್ಣಾರೆ ಕಂಡಿದ್ದಳು. ಆದರೆ ಅವತ್ತು ವಾದಕ್ಕೆ ನಿಲ್ಲಲು ಹೊತ್ತಿರಲಿಲ್ಲ. ಹಸಿ ಬಾಣಂತಿ ಒಳಗೆ ನಡುಗುತ್ತ ಕೂತಿದ್ದಳು. ಕನಕಮ್ಮ ಒಲೆ ಹಚ್ಚಿದಳು. ಹಸಿ ಸೌದೆ ಸೀಮೆಎಣ್ಣೆಗೂ ಬಗ್ಗಲಿಲ್ಲ. ಊದಿ ಊದಿ ಅವಳ ಕೆನ್ನೆ ನೋಯಿತು, ಹೊಗೆ ದಟ್ಟವಾಗಿ ಎದ್ದು ಹಿಂಬಾಗಿಲಿನಿಂದ ನೇರ ಬಾಣಂತಿಯ ಕೋಣೆಗೆ ನುಗ್ಗಿತು. ಒಳಗಿಂದ ಮೊದಲು ಕೂಸಿನ ಸೀನು ಕೇಳಿಸಿತು. ಆಮೇಲೆ ಭಾನುಪ್ರಿಯಳ ಕೆಮ್ಮು. ಓಡಿ ಹೋಗಿ ನೋಡಿದರೆ ಮಗಳು ಕಿಟಕಿಯ ಸರಳು ಹಿಡಿದು ಬಾಯಿ ತೆರೆದಿದ್ದಳು, ಹೊಲಿಗೆ ಬಿಟ್ಟೀತೆಂದು ಇನ್ನೊಂದು ಕೈಯಿಂದ ಹೊಟ್ಟೆ ಅದುಮಿಕೊಂಡಿದ್ದಳು. "ಕೂಸನ್ನ ಆಚೆಗೆ ಎತ್ಕೊಂಡೋಗಮ್ಮ" ಎನ್ನುವಷ್ಟರಲ್ಲಿ ಅವಳ ಉಸಿರು ಮುಗಿದುಹೋಗುತ್ತಿತ್ತು.

ಬಾಯಿಗೆ ಪಂಪಿಟ್ಟು ಔಷಧಿ ಎಳೆದುಕೊಂಡು ಮಗಳು ಸುಧಾರಿಸಿಕೊಳ್ಳುವ ಹೊತ್ತಿಗೆ ಸಂಜೆಯಾಯಿತು. ಕನಕಮ್ಮ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು. ಗೊರಗೊರ ಇರಲಿಲ್ಲ. ಇನ್ನೂ ಇಲ್ಲ ಎಂದುಕೊಂಡಳು. ಗಂಡನ ಮೇಲೆ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಹೇಸಿಗೆ. ಇಂಥವನ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದೆನಲ್ಲ, ಇವನಿಗೆ ಊದಿ ಊದಿ ನೀರು ಕಾಯಿಸಿದೆನಲ್ಲ ಎಂದು ತನ್ನ ಮೈ ಮೇಲೆಯೇ ಅಸಹ್ಯವಾಯಿತು.

ಮಾರನೇ ಬೆಳಿಗ್ಗೆ ಅವನು ಎಂದಿನಂತೆ ಮಿಂದು, ಬೀಗ ಹಾಕಿ, ಒದ್ದೆ ಪಂಚೆಯಲ್ಲಿ ಗುಡಿಗೆ ಹೊರಟ. ಅವನು ಬೀದಿ ತಿರುಗಿದ್ದನ್ನು ನೋಡಿಕೊಂಡು ಕನಕಮ್ಮ ಕೂಸಿನ ಬಟ್ಟೆಗಳನ್ನೆಲ್ಲ ಒಗೆದು ಹಿಂಡಿದಳು. ಬಾಣಂತಿಯ ಸೀರೆ ಹರಿದು ಮಾಡಿದ ಲಂಗೋಟಿ, ಕುಲಾವಿ, ಹೊದಿಕೆ, ಒಂದನ್ನೂ ಬಿಡಲಿಲ್ಲ. ಬುಟ್ಟಿ ಸೊಂಟಕ್ಕಿಟ್ಟುಕೊಂಡು ತಾರಸಿ ಹತ್ತಿದಳು. ಟ್ಯಾಂಕಿನ ಕೊರಳಿನ ಬಾಡಿದ ಹಾರ ಕಿತ್ತು ಪಕ್ಕಕ್ಕಿಟ್ಟು, ಅಲ್ಲೊಂದು ಲಂಗೋಟಿ ಕಟ್ಟಿದಳು. ಟ್ಯಾಂಕಿನ ಮೇಲೆ ಹೊದಿಕೆ ಹಾಸಿದಳು. ಮಿಕ್ಕಿದ್ದನ್ನು ಪೈಪಿನುದ್ದಕ್ಕೂ ನೇತುಹಾಕಿದಳು. ಗಾಜಿನ ಕೊಳವೆಗಳಿಗೆ ಮಾತ್ರ ನೆರಳು ಬೀಳದಂತೆ ನೋಡಿಕೊಂಡಳು, ನೀರು ಕಾಯಬೇಕಲ್ಲ. ಪಕ್ಕದ ತಾರಸಿಯಲ್ಲಿ ರಾಗಿ ಹರವುತ್ತಿದ್ದ ರಾಧ ಕೈಕೆಲಸ ನಿಲ್ಲಿಸಿ ನೋಡುತ್ತಿದ್ದಳು.

ದೊಡ್ಡವೆಂಕಟಪ್ಪ ಮಂಗಳಾರತಿ ತಟ್ಟೆ ಹಿಡಿದು ಬರುತ್ತ ಬೀದಿಯಿಂದಲೇ ಅದನ್ನು ಕಂಡ.

"ಏನೇ ಅದು?"

"ನಿನ್ನ ಮೊಮ್ಮಗಳ ಬಟ್ಟೆ."

"ಇಳ್ಸು."

"ಇಳ್ಸುದ್ರೆ ಮೈಲಿಗೆ ಓಯ್ತದಾ? ಪುರುಡು ಮುಟ್ಟೈತೆ. ಅನ್ನೊಂದು ದಿನ ಟ್ಯಾಂಕು ಪೂರಾ ಮೈಲಿಗೆ ಅಂದೋನು ನೀನೇ ಅಲ್ವಾ?" ಕನಕಮ್ಮನ ದನಿ ಬೀದಿಯ ಕೊನೆಗೂ ಕೇಳಿಸಿತು. "ಇನ್ನು ಇದು ಬಾಣಂತಿ ನೀರು. ದೇವರ ಪೂಜೆ ಮಾಡೋನು ನೀನು, ಈ ನಲ್ಲಿ ಮುಟ್ಟಂಗಿಲ್ಲ."

"ಊಂ ಕಣಣ್ಣ" ಎಂದಳು ರಾಧ, ರಾಗಿಯಲ್ಲಿ ಕೈಯಾಡಿಸುತ್ತ. "ಅಂಗೇ ಅಂದಿದ್ದು ನೀನು. ನಾನು ಮಲಗಿದ್ದಂಗೇ ಕೇಳಿಸ್ಕೊಂಡೆ."

ಎದುರು ಮನೆಯವರು ಹೊರಗೆ ಬಂದಿದ್ದರು. ದೊಡ್ಡವೆಂಕಟಪ್ಪ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಗಂಜಲ ಚೆಲ್ಲಿ ಶುದ್ಧ ಮಾಡ್ತೀನಿ" ಎಂದ.

"ಗಂಜಲದಲ್ಲಿ ಓಗೋ ಮೈಲಿಗೆಯಾದ್ರೆ ರಾಧನ ಕೂಸಿಗೆ ಒಂದು ಬಕೀಟು ನೀರು ಕೊಟ್ಟು ಆಮೇಲೆ ಚೆಲ್ಬೋದಾಗಿತ್ತಲ್ಲ?"

ಶಾಸ್ತ್ರ ಸುಳ್ಳು ಅಂದರೆ ಬೀದಿಯ ಮುಂದೆ ಅವನ ಮಾನ ಹೋಗುತ್ತದೆ, ನಿಜ ಅಂದರೆ ಬಿಸಿನೀರು ಹೋಗುತ್ತದೆ. ಮಾನವನ್ನೇ ಉಳಿಸಿಕೊಂಡ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಅಂಗಳಕ್ಕೆ ಎಸೆದು ಒಳಗೆ ಹೋದ.

ಅಂದಿನಿಂದ ಪುರುಡು ಕಳೆಯುವವರೆಗೂ ನಸುಕಿನಲ್ಲಿ ತನ್ನ ಸ್ನಾನಕ್ಕೆಂದು ಹಿತ್ತಲಿನ ಒಲೆ ಊದುವವನು ದೊಡ್ಡವೆಂಕಟಪ್ಪ. ಅವನು ಒಲೆ ಹಚ್ಚುವ ಮೊದಲೇ ದಿನಾ ಬಾಣಂತಿ ಕೋಣೆಯ ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಬೀಳುತ್ತಿತ್ತು, ಬಾಗಿಲಡಿಯ ಸಂದಿಗೆ ಗೋಣಿಚೀಲ ತುರುಕಲಾಗುತ್ತಿತ್ತು.

ಕನಕಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದಳು. ಭಾನುಪ್ರಿಯ ಎಣ್ಣೆ ಹಚ್ಚಿಕೊಂಡು ಗೋಡೆಗೊರಗಿದ್ದಳು, ಉಸಿರು ಸಲೀಸಾಗಿತ್ತು. ಹಿತ್ತಲಿಂದ ಅಪ್ಪನ ಕೆಮ್ಮು ಕೇಳಿದಾಗಲೆಲ್ಲ ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕನಕಮ್ಮನಿಗೆ ನಗು ಬರಲಿಲ್ಲ. ಬೆರಳು ಮುಷ್ಟಿ ಹಿಡಿದು, ಕಣ್ಣು ಮುಚ್ಚಿ, ಬಿಸಿನೀರಿಗೆ ಮೈ ಸಡಿಲ ಬಿಟ್ಟು ಮಲಗಿರುವ ಈ ಹಿಡಿಗಾತ್ರದ ಜೀವವನ್ನು ಮೈಲಿಗೆ ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದು ಅವಳ ಬಾಯೇ. ಗಂಡನ ಹೊಲಸು ಮಾತನ್ನು ತನ್ನ ಬಾಯಿಗೆ ತೆಗೆದುಕೊಳ್ಳದೆ ಅವಳಿಗೆ ಒಂದು ಬಿಂದಿಗೆ ಬಿಸಿನೀರು ಸಿಗಲಿಲ್ಲ.

ಅವಳು ಹದವಾಗಿ ಬೆರೆಸಿಟ್ಟ ಬಕೀಟಿನಿಂದ ಬೊಗಸೆಯಲ್ಲಿ ಮೊಗೆದು ಬಾಯಿ ತುಂಬ ನೀರು ತೆಗೆದುಕೊಂಡಳು. ಮುಕ್ಕಳಿಸಿ ಉಗಿದಳು. ಇನ್ನೊಂದು ಸಲ ಉಗಿದಳು. ಆಮೇಲೆ ಕೂಸನ್ನು ಬೋರಲು ಹಾಕಿಕೊಂಡು ಅದರ ಬೆನ್ನಿಗೆ ನೀರು ಹುಯ್ದಳು.