ಲಕ್ಷ್ಮಣತೀರ್ಥದ ಸೇತುವೆ ಕದ್ದವನು

ಆ ಸೇತುವೆಯನ್ನು ಕದ್ದವರು ನೀವಲ್ಲ, ಯೋಗೇಶಣ್ಣ. ನಾನು. ಕದ್ದು ತಂದು ನಿಮ್ಮ ಕೆಲಸದೊಳಗೆ ಸೇರಿಸಿದವನು ನಾನು, ನಿಮ್ಮ ಮೇಲೆ ದೂರು ಬರೆದವನು ನಾನು, ಎಲ್ಲರೂ ನಿಮ್ಮನ್ನು ಕಳ್ಳ ಎಂದಾಗ ಬಾಯಿ ಮುಚ್ಚಿಕೊಂಡು ಕೂತು ಒಳಗೊಳಗೇ ಸವಿದವನೂ ನಾನೇ. ತಿಳಿಯದೆ ಆದದ್ದಲ್ಲ. ಸಿಟ್ಟಿನ ಭರದಲ್ಲಿ ಕೈಮೀರಿ ಆದದ್ದೂ ಅಲ್ಲ — ಒಂದು ವರ್ಷ ಕಾದು, ಕಲಿತು, ನಿಮ್ಮಿಂದಲೇ ಕಲಿತು ಮಾಡಿದ್ದು.

ಇದನ್ನು ನಿಮ್ಮ ಜೊತೆಗೆ ಬೇರೆಯವರೂ ಓದಬೇಕು. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಮೊದಲಿಂದ ಹೇಳುತ್ತೇನೆ.

ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ರೇಡಿಯಂ ಅಂಗಡಿ. ಆಟೋ, ಲಾರಿ, ಬೈಕುಗಳ ಮೇಲೆ ಹೆಸರು ಕತ್ತರಿಸಿ ಅಂಟಿಸುವುದು ಕಸುಬು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ಅಂಗಡಿಯ ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಒಂದು ಗೇಮ್ ಆಡುತ್ತಿದ್ದೆ. ಅದರಲ್ಲಿ ಬರೀ ಪರದೇಶದ ರಸ್ತೆಗಳು, ಪರದೇಶದ ಬಸ್ಸುಗಳು. ಒಂದು ದಿನ ಹುಡುಕುತ್ತಾ ನಿಮ್ಮ ಬಳಗ ಸಿಕ್ಕಿತು. ನೀವು ನಲವತ್ತು ಜನ, ಯಾರೂ ಕೂಲಿ ಕೊಡದಿದ್ದರೂ, ಆ ಗೇಮಿನೊಳಗೆ ನಮ್ಮ ಸೀಮೆಯ ದಾರಿ ಕಟ್ಟುತ್ತಿದ್ದಿರಿ. ಕೆ.ಆರ್. ನಗರದಿಂದ ಹುಣಸೂರು, ಅಲ್ಲಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಾಕನಕೋಟೆಯ ಕಾಡಿನವರೆಗೆ. ಇದಕ್ಕೆ ಮಾಡ್ ಎನ್ನುತ್ತಾರೆ. ಕಟ್ಟಿದ್ದನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಿಂದ ಬಿಟ್ಟಿಯಾಗಿ ಇಳಿಸಿಕೊಂಡು ಆಡಬಹುದು. ಕಟ್ಟಿದವನಿಗೆ ಸಿಗುವುದು ಒಂದೇ, ತನ್ನ ಕೆಲಸದ ಕೆಳಗೆ ತನ್ನ ಹೆಸರು. ಅದಕ್ಕೇ ಅಲ್ಲಿ ಇನ್ನೊಬ್ಬರ ಕೆಲಸ ಕದಿಯುವುದಕ್ಕಿಂತ ದೊಡ್ಡ ಪಾಪವಿಲ್ಲ.

ಆ ದಾರಿಯ ಮುಕ್ಕಾಲು ಭಾಗ ನಿಮ್ಮೊಬ್ಬರದೇ. ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ ನಿಮಗೆ. ರಜಾದಿನ ಬಸ್ ಹತ್ತಿ, ತಿರುವು ತಿರುವಿಗೂ ಇಳಿದು ಫೋಟೊ ತೆಗೆದುಕೊಂಡು ಬರುತ್ತಿದ್ದಿರಂತೆ. ಬಳಗದಲ್ಲಿ ನಿಮ್ಮ ಮಾತೇ ಕೊನೆ.

ಅಲ್ಲಿ ಯಾರೂ ಸ್ವಂತ ಹೆಸರು ಹೇಳುತ್ತಿರಲಿಲ್ಲ, ನೀವೂ ಪಿರಿಯಾಪಟ್ಟಣದ ಲತಾ ಅಕ್ಕನೂ ಬಿಟ್ಟರೆ. ನಾನು ಕಾಡುಕೋಳಿ ಎಂದು ಹೆಸರಿಟ್ಟುಕೊಂಡು ಸೇರಿದೆ. ಹನ್ನೊಂದು ದಿನ ಕೂತು ಒಂದು ಬಸ್ಸಿಗೆ ಬಣ್ಣ ಬಳಿದೆ, ಹಣೆಗೆ, ಪಕ್ಕಕ್ಕೆ ಊರಿನ ಹೆಸರು ಬರೆದೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಆದರೆ ಅಕ್ಷರವೇ ನನ್ನ ಅನ್ನ. ಹುಣಸೂರಿನಲ್ಲಿ ನನ್ನಷ್ಟು ದುಂಡಗೆ ಬರೆಯುವವರು ಇನ್ನೊಬ್ಬರಿಲ್ಲ ಅಂತ — ಗರ್ವವೇ ಇತ್ತು ಅನ್ನಿ.

ಭಾನುವಾರ ಮಧ್ಯಾಹ್ನ ಸಭೆ. ಎಲ್ಲರೂ ಅವರವರ ಮನೆಯಲ್ಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರು. ನೀವು ನನ್ನ ಬಸ್ಸನ್ನು ಎಲ್ಲರ ಪರದೆಗೂ ತಂದಿರಿ. ಎಡಗಡೆ ತೋರಿಸಿದಿರಿ, ಸರಿಯಿತ್ತು. ಬಲಗಡೆ ತಿರುಗಿಸಿದಿರಿ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಒಂದೇ ಚಿತ್ರವನ್ನು ಎರಡೂ ಪಕ್ಕಕ್ಕೆ ಹೊದಿಸಿದರೆ ಹಾಗಾಗುತ್ತದೆ ಎಂದು ಹೊಸಬನಾದ ನನಗೆ ಗೊತ್ತಿರಲಿಲ್ಲ.

“ನೋಡ್ರಪ್ಪಾ,” ಅಂದಿರಿ. “ಎಡಗಡೆಯಿಂದ ಅತ್ತುದ್ರೆ ಇದು ಉಣಸೂರು. ಬಲಗಡೆಯಿಂದ ಅತ್ತುದ್ರೆ ಯಾವೂರ್ಲಾ ಇದು, ಕಾಡುಕೋಳಿ? ಮೊದ್ಲು ಸ್ಲೇಟ್ ಇಡ್ಕೊಂಡು ಅ ಆ ಇ ಈ ತಿದ್ದು. ಆಮೇಲೆ ಬಸ್ ತಕೊಂಬಾ.”

ನಲವತ್ತು ಜನ ನಕ್ಕರು. ಆ ನಗು ಕಿವಿಯೊಳಗೇ, ತಲೆಯ ಒಳಗೇ ಆಗುತ್ತಿತ್ತು. ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ — ಅಲ್ಲಿಂದಲೂ ಸಣ್ಣಗೆ ಕೇಳುತ್ತಲೇ ಇತ್ತು.

ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಎರಡು ದಿನದಲ್ಲಿ ತಪ್ಪು ತಿದ್ದಿ ಮತ್ತೆ ಕಳಿಸಿದೆ. ನೀವು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮೂರು ತಿಂಗಳ ಮೇಲೆ ಬಳಗದ ಹೊಸ ಮಾಡ್ ಹೊರಬಂದಾಗ ನೋಡುತ್ತೇನೆ, ನನ್ನ ಬಸ್ಸು ಅದರಲ್ಲಿ ಓಡುತ್ತಿದೆ! ನನ್ನದೇ ಬಣ್ಣ, ನನ್ನದೇ ದುಂಡನೆಯ ಅಕ್ಷರ. ಇಳಿಸಿಕೊಳ್ಳುವ ಪುಟದಲ್ಲಿ ಹೆಸರು ಮಾತ್ರ ನಿಮ್ಮೊಬ್ಬರದು.

ಅವತ್ತು ನಿರ್ಧಾರ ಮಾಡಿದೆ. ಇವನ ಹೆಸರನ್ನೇ ತೆಗೆಯಬೇಕು. ಹೌದು, ಮನಸ್ಸಿನಲ್ಲಿ ಏಕವಚನವೇ ಇತ್ತು.

ಆಮೇಲಿನ ಒಂದು ವರ್ಷ ನನ್ನಷ್ಟು ವಿಧೇಯ ಶಿಷ್ಯ ನಿಮಗೆ ಸಿಕ್ಕಿರಲಿಕ್ಕಿಲ್ಲ. ಮರ ನೆಡಲು ಹೇಳಿದಿರಿ, ನೆಟ್ಟೆ. ಮೈಲಿಗಲ್ಲು ಬರೆಯಲು ಹೇಳಿದಿರಿ, ಬರೆದೆ. ಮನೆ, ಸೇತುವೆ, ತಂತಿ ಕಂಬ — ನೀವು ಕಟ್ಟುವುದನ್ನು ನೋಡಿ ನೋಡಿ, ನಿಮಗೆ ಗೊತ್ತಾಗದ ಹಾಗೆ ಎಲ್ಲ ಕಲಿತೆ. ನೀವು ಬೈದಾಗಲೆಲ್ಲ “ಸರಿ ಅಣ್ಣ” ಎಂದು ಬರೆಯುತ್ತಿದ್ದೆ. ಬರೆಯುವಾಗ ಒಂಥರಾ ಸುಖ ಆಗುತ್ತಿತ್ತು. ಕುರಿಯನ್ನು ಕೊಬ್ಬಿಸುವವನಿಗೆ ಆಗುವಂಥದು.

ಒಂದು ದಿನ ನೀವೇ ಫೋನಿನಲ್ಲಿ ಧ್ವನಿ ಕಳಿಸಿದಿರಿ. “ಕಾಡುಕೋಳಿ, ನಮ್ಮನೆಯವ್ರಿಗೆ ಎರಿಗೆ ದಿನ ಅತ್ರ ಬಂದದೆ. ಒಂದ್ ವಾರ ನಾನಿರಕ್ಕಿಲ್ಲ. ನನ್ ಪಾಸ್‌ವರ್ಡ್ ತಕೋ, ಎಲ್ಲಾ ಒಸಿ ನೋಡ್ಕೊ. ಬೇರೆಯೋರ್ ಕೈಗೆ ಕೊಡಾಕೆ ನಂಗೆ ಮನಸ್ಸಿಲ್ಲ.”

ಆ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡೆನೋ. ಒಂದು ಸಲವೂ ಕೈ ತಡೆಯಲಿಲ್ಲ.

ನಮ್ಮೂರ ಲಕ್ಷ್ಮಣತೀರ್ಥ ಹೊಳೆಗೆ ನೀವು ಕಟ್ಟಿದ್ದ ಸೇತುವೆಯನ್ನು ತೆಗೆದುಹಾಕಿದೆ. ಒಬ್ಬ ಪರದೇಶದವನು ವರ್ಷಗಟ್ಟಲೆ ಕೂತು ಮಾಡಿದ ಸೇತುವೆಯೊಂದಿತ್ತು, ಅಪ್ಪಣೆಯಿಲ್ಲದೆ ಯಾರೂ ಬಳಸಕೂಡದೆಂದು ಸ್ಪಷ್ಟವಾಗಿ ಬರೆದುಕೊಂಡಿದ್ದ. ಅದನ್ನು ತಂದು, ಬಣ್ಣ ಬದಲಿಸಿ, ಆ ಜಾಗದಲ್ಲಿ ಕೂರಿಸಿದೆ. ನಿಮ್ಮ ಪಾಸ್‌ವರ್ಡಿನಿಂದ ಮಾಡಿದ್ದರಿಂದ ದಾಖಲೆಯಲ್ಲಿ ಬಿದ್ದದ್ದು ನಿಮ್ಮ ಹೆಸರು. ನಿಮ್ಮ ಮಗಳು ಹುಟ್ಟಿದ ವಾರವೇ ಇದೆಲ್ಲ ಆಯಿತು. ಬಳಗದವರೆಲ್ಲ ನಿಮಗೆ ಶುಭಾಶಯ ಬರೆದರು. ನಾನೂ ಬರೆದೆ.

ಮಗುವಿನ ಗಡಿಬಿಡಿಯಲ್ಲಿ ನೀವು ಗಮನಿಸದೆಯೇ ಆ ಸೇತುವೆ ಹೊಸ ಮಾಡ್‌ನಲ್ಲಿ ಹೊರಬಿತ್ತು. ಒಂದು ತಿಂಗಳು ಬಿಟ್ಟು, ನಿನ್ನ ಸೇತುವೆ ಇವರ ದಾರಿಯಲ್ಲಿದೆ ಎಂದು ಸುಳ್ಳು ಹೆಸರಿನಲ್ಲಿ ಆ ಪರದೇಶದವನಿಗೆ ಎರಡೇ ಸಾಲು ಕಳಿಸಿದೆ. ಅವನು ಕೆರಳಿದ. ಮಾಡ್ ಇಳಿಸಿಕೊಳ್ಳುವ ತಾಣದವರು ನಿಮ್ಮ ದಾರಿಯನ್ನೇ ಇಡಿಯಾಗಿ ತೆಗೆದುಹಾಕಿ, ಕದ್ದ ಮಾಲು ಎಂದು ಬರೆದರು.

ಆ ಭಾನುವಾರದ ಸಭೆಯಲ್ಲಿ ಯಾರೂ ನಗಲಿಲ್ಲ.

“ನಾನ್ ಕದ್ದಿಲ್ಲ ಕಣ್ರಪ್ಪಾ,” ಅಂದಿರಿ. “ಆ ಸೇತುವೆ ನಾನೇ ಕೈಯಾರ ಕಟ್ಟಿದ್ದು. ಇದೆಲ್ಲಿಂದ ಬಂತೋ ನಂಗೊತ್ತಿಲ್ಲ.”

ಲತಾ ಅಕ್ಕ ಹೈಸ್ಕೂಲು ಮೇಷ್ಟ್ರಮ್ಮ, ಬಳಗದಲ್ಲಿ ತೂಕವಾಗಿ ಮಾತಾಡುವವರು ಅವರೊಬ್ಬರೇ. “ಯೋಗೇಶ್, ನಿಮ್ಮ ಪಾಸ್‌ವರ್ಡ್ ಬೇರೆ ಯಾರ ಹತ್ರ ಇತ್ತು?” ಎಂದು ಕೇಳಿದರು.

ನೀವು ಮುಚ್ಚಿಡಲಿಲ್ಲ. “ಕಾಡುಕೋಳಿಗೆ ಕೊಟ್ಟಿದ್ದೆ. ಅವ್ನಲ್ಲ ಬುಡಿ ಅಕ್ಕ. ಸೇತುವೆ ಬದಲಾಯ್ಸೋವಷ್ಟು ಕೆಲ್ಸ ಅವ್ನಿಗೆಲ್ಲಿ ಬತ್ತದೆ.”

ನನ್ನನ್ನು ಉಳಿಸಿದ ಮಾತು ಅದು. ಆದರೂ ಚುಚ್ಚಿತು. ಅಷ್ಟು ಹೊತ್ತು ಎಲ್ಲೋ ಒಂದಿಷ್ಟು ಅಳುಕು ಇತ್ತೇನೋ — ಆ ಮಾತಿನಿಂದ ಅದೂ ಹೋಯಿತು. ಲತಾ ಅಕ್ಕ ನನ್ನನ್ನು ಕೇಳಿದಾಗ ಹೇಳಿದೆ: “ಕೊಟ್ಟಿದ್ರು ಅಕ್ಕ. ನಾನು ಅದನ್ನ ಒಂದ್ ಸಲನೂ ಬಳಸಿಲ್ಲ.”

ಇಷ್ಟೇ. ಆ ಬಳಗದಲ್ಲಿ ನಾನು ಬಾಯಿಬಿಟ್ಟು ಆಡಿದ ಮೊದಲ ಮಾತು.

ಒಬ್ಬೊಬ್ಬರಾಗಿ ನಿಮಗೆ ಬೆನ್ನು ತಿರುಗಿಸಿದರು. ನೀವು ಕಲಿಸಿದವರೇ ನಿಮ್ಮನ್ನು ಕಳ್ಳ ಎಂದು ಬರೆದರು. ನಾನು ಅಂಗಡಿಯಲ್ಲಿ ಕೂತು ಒಂದೊಂದನ್ನೂ ಎರಡೆರಡು ಸಲ ಓದಿದೆ. ಅವತ್ತು ಊಟ ರುಚಿಸಿತು, ಯೋಗೇಶಣ್ಣ. ಸುಳ್ಳು ಹೇಳುವುದಿಲ್ಲ.

ಮರುದಿನ ನೀವು ನಾಲ್ಕು ವರ್ಷದ ಕೆಲಸವನ್ನೆಲ್ಲ ಅಳಿಸಿ ಹೋದಿರಿ. ದಾರಿ ಕಟ್ಟಿದ ಮೂಲ ಕಡತಗಳ ಒಂದು ಪ್ರತಿಯೂ ಎಲ್ಲೂ ಉಳಿಯಲಿಲ್ಲ — ನನ್ನ ಹತ್ತಿರದ್ದೊಂದು ಬಿಟ್ಟು. ನಿಮ್ಮ ಮಗಳು ಹುಟ್ಟಿದ ಆ ವಾರ, ಸೇತುವೆ ಬದಲಿಸುವ ಮೊದಲೇ, ನಿಮ್ಮ ಪಾಸ್‌ವರ್ಡಿನಿಂದ ಎಲ್ಲವನ್ನೂ ಇಳಿಸಿಟ್ಟುಕೊಂಡಿದ್ದೆ. ಕೊನೆಯ ಏಟು ಬಾಕಿಯಿತ್ತು. ನಿಮ್ಮ ಹೆಸರು ಅಳಿಸಿ, ಆ ದಾರಿಯನ್ನು ನನ್ನ ಹೆಸರಿನಲ್ಲಿ ಬಿಡುವುದು.

ಪ್ರತಿ ಮಾಡ್‌ನ ಜೊತೆ ಯಾರು ಯಾವ ಕೆಲಸ ಮಾಡಿದರೆಂದು ಬರೆದ ಒಂದು ಪುಟ್ಟ ಓಲೆ ಇರುತ್ತದೆ. ಇಳಿಸಿಕೊಂಡವರಲ್ಲಿ ನೂರಕ್ಕೊಬ್ಬನೂ ಅದನ್ನು ತೆಗೆದು ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನಿಮ್ಮ ಹೆಸರು ಅಲ್ಲಿದ್ದರೆ ಅಳಿಸಬೇಕಲ್ಲ ಎಂದು ಮೊದಲ ಸಲ ತೆರೆದೆ. ನನ್ನ ಬಸ್ಸು ಸೇರಿದ್ದ ಆ ಮೊದಲ ಮಾಡ್‌ನ ಕಾಲದಲ್ಲೇ ಬರೆದದ್ದು. ಅದರಲ್ಲಿ ಹೀಗಿತ್ತು:

“ಬಸ್ಸಿನ ಬಣ್ಣ, ಅಕ್ಷರ: ಕಾಡುಕೋಳಿ. ಹೊಸಬ. ಕೈ ಬಲು ಚೆಂದಾಗದೆ. ಎಲ್ಲರ ಮುಂದೆ ಬೈದುಬುಟ್ಟೆ, ಬೈಬಾರದಿತ್ತು. ಬುಟ್ಟೋಗದಿದ್ರೆ ಸಾಕು.”

ಗಿರಾಕಿಯೊಬ್ಬ ಬಂದು ಕರೆದು, ಕರೆದು, ಹೊರಟುಹೋದ.

ಆಮೇಲೆ ಒಂದೊಂದೇ ತೆರೆದು ನೋಡಿದೆ. ಹುಣಸೂರಿಗೆ ಮುಂಚಿನ ತಿರುವಿನಲ್ಲಿ, ಮರದ ಕೆಳಗೆ ಒಂದು ಇಡ್ಲಿ ಅಂಗಡಿ ಕಟ್ಟಿದ್ದಿರಿ. ಕಡತದ ಹೆಸರು ‘ಅವ್ವನ ಅಂಗಡಿ.’ ರಸ್ತೆ ಅಗಲ ಮಾಡುವಾಗ ಆ ಮರ, ಆ ಅಂಗಡಿ ಎರಡೂ ಹೋದದ್ದು ನನಗೂ ಗೊತ್ತು; ಅದು ನಿಮ್ಮ ಅವ್ವನದೆಂದು ಮಾತ್ರ ಗೊತ್ತಿರಲಿಲ್ಲ. ಗೇಮಿನಲ್ಲಿ ಆ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ, ಒಂದು ಸಲವೂ ನಿಲ್ಲಿಸಿರಲಿಲ್ಲ. ನೀವು ಅಳಿಸಿದ್ದರಲ್ಲಿ ಅದೂ ಇತ್ತು. ಅಳಿಸುವಾಗ ನಿಮ್ಮ ಕೈಗೆ ಏನಾಯಿತೋ —

ನಾನು ಆ ದಾರಿಯನ್ನು ಬಿಡುಗಡೆ ಮಾಡಲಿಲ್ಲ. ಆದರೆ ಬಾಯನ್ನೂ ಬಿಡಲಿಲ್ಲ. ಮೂರು ವರ್ಷ.

ಹೋದ ತಿಂಗಳು ನೀವು ನನ್ನ ಅಂಗಡಿಗೆ ಬಂದಿರಿ. ಗಾವಡಗೆರೆಯ ಮಾವನ ಮನೆಗೆ ಬಂದವರು, ಸ್ಕೂಟರಿನ ಮೇಲೆ ಮಗಳ ಹೆಸರು ಬರೆಸಬೇಕೆಂದಿರಿ. ಮುಖ ನೋಡಿ ಗುರುತಾಗಲಿಲ್ಲ, ಧ್ವನಿ ಕೇಳಿದ ತಕ್ಷಣ ಗೊತ್ತಾಯಿತು. ನಿಮಗೆ ನನ್ನದು ಗೊತ್ತಾಗಲಿಲ್ಲ. ‘ಸಿಂಚನ’ ಎಂದು ಕತ್ತರಿಸಿದೆ. ಮೂರು ಅಕ್ಷರ. ಎರಡು ಸಲ ಹಾಳಾಯಿತು.

ನನ್ನ ಕಂಪ್ಯೂಟರ್ ನೋಡಿ ನೀವಾಗಿಯೇ ಅಂದಿರಿ, “ನಾನೂ ಕಂಪ್ಯೂಟ್ರಾಗೆ ರೋಡ್ ಕಟ್ತಿದ್ದೆ ಕಣಪ್ಪಾ.”

“ಯಾಕ್ ಬುಟ್ರಿ?” ಎಂದು ಕೇಳಿದೆ. ಕೇಳುವ ಧೈರ್ಯ ಎಲ್ಲಿಂದ ಬಂತೋ.

“ಕಳ್ಳ ಅಂದ್ರು. ಬುಟ್ಟೆ.”

“ಯಾರ್ ಮಾಡಿದ್ದು ಅಂತ ಗೊತ್ತಾಗ್ಲಿಲ್ವಾ?”

ನೀವು ಸ್ಕೂಟರಿನ ಮೇಲಿನ ಅಕ್ಷರದ ಮೇಲೆ ಹೆಬ್ಬೆಟ್ಟು ಒತ್ತಿ ನೋಡುತ್ತಾ, ಸಿಟ್ಟಿಲ್ಲದೆ, ಯಾವುದೋ ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಿರಿ: “ಇಲ್ಲ. ಸಿಕ್ಕುದ್ರೆ ಕಪಾಳಕ್ಕೆ ಒಂದ್ ಬಾರಿಸ್ತೀನಿ. ಇವತ್ತಲ್ಲ, ಅತ್ತೊರ್ಷ ಆದ್ಮೇಲೆ ಸಿಕ್ಕುದ್ರೂ ಅಷ್ಟೇ.”

ನಾನೇ ಎನ್ನುವುದಕ್ಕೆ ಎರಡು ಅಕ್ಷರ ಸಾಕಿತ್ತು. ನೀವು ಸ್ಕೂಟರ್ ಸ್ಟಾರ್ಟ್ ಮಾಡಿ ಹೋಗುವವರೆಗೂ ಅಂಟಿನ ಚೂರುಗಳನ್ನು ಗುಡಿಸುತ್ತಾ ನಿಂತಿದ್ದೆ. ಮೊದಲಿನದು ಸೇಡು ಎಂದು ಹೇಳಿಕೊಳ್ಳಬಹುದು. ಇದಕ್ಕೆ ಯಾವ ಹೆಸರೂ ಇಲ್ಲ, ಬರೀ ಹೇಡಿತನ.

ನಿನ್ನೆ ಬಳಗದಲ್ಲಿ ಎಲ್ಲವನ್ನೂ ಬರೆದು ಹಾಕಿದೆ. ಸುಳ್ಳು ಹೆಸರಿನಲ್ಲಿ ಕಳಿಸಿದ ದೂರು, ಸೇತುವೆ ಬದಲಿಸಿದ ದಿನ, ಯಾವುದನ್ನೂ ಬಿಡಲಿಲ್ಲ. ತುಂಬಾ ಜನ ತುಂಬಾ ಬೈದಿದ್ದಾರೆ. ಲತಾ ಅಕ್ಕ ಒಂದೇ ಸಾಲು ಬರೆದರು: “ಇದನ್ನ ಮೊದಲು ಅವರಿಗೆ ಹೇಳಿದೆಯಾ?”

ಹೇಳಿರಲಿಲ್ಲ. ಅದಕ್ಕೇ ಇದು, ನಿಮ್ಮ ಫೋನಿಗೆ.

ಇನ್ನೊಂದನ್ನು ಮುಚ್ಚಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಆ ಓಲೆ ಓದಿದ ಮೇಲೂ, ಆ ಮೊದಲ ಭಾನುವಾರದ ನಗು ನೆನಪಾದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ. ಸೇಡು ತೀರಿದ ಮೇಲೆ ಅವಮಾನ ತೀರುತ್ತದೆಂದುಕೊಂಡಿದ್ದೆ. ಅದು ಇದ್ದಲ್ಲೇ ಇದೆ, ಪಕ್ಕದಲ್ಲಿ ನಿಮಗಾದದ್ದೂ ಬಂದು ಕೂತಿದೆ.

ನಿಮ್ಮ ದಾರಿ, ನೀವು ಕಟ್ಟಿದ ಹಳೆಯ ಸೇತುವೆ, ಅವ್ವನ ಅಂಗಡಿ, ಎಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿದೆ. ನಾಳೆ ಬೆಳಗಿನ ಬಸ್ಸಿಗೆ ಕೆ.ಆರ್. ನಗರಕ್ಕೆ ಬರುತ್ತಿದ್ದೇನೆ. ಮನೆ ಗಿರಣಿಯ ಹಿಂದಿನ ಬೀದಿಯಲ್ಲಿ ಎಂದು ಅಂಗಡಿಗೆ ಬಂದ ದಿನ ನೀವೇ ಹೇಳಿದ್ದಿರಿ. ಕ್ಷಮಿಸಿ ಎಂದು ಕೇಳುವುದಕ್ಕಲ್ಲ. ಕಳ್ಳ ಯಾರೆಂದು ನಿಮ್ಮ ಬಾಗಿಲಲ್ಲಿ ನಿಂತು, ನಿಮ್ಮ ಮನೆಯವರಿಗೂ ಕೇಳುವ ಹಾಗೆ ನನ್ನ ಬಾಯಿಂದ ಹೇಳುವುದಕ್ಕೆ. ಆಮೇಲೆ ನೀವು ಏನು ಮಾಡಿದರೂ ಸರಿ, ನಿಂತಿರುತ್ತೇನೆ.

ನನ್ನ ಹೆಸರು ಮಹದೇವಸ್ವಾಮಿ.