ಬಿಸಿ ಆರುವ ಮುಂಚೆ ಒತ್ತಬೇಕು

ಹೋಟೆಲಿನ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ನೀರು ಕುದಿಯುತ್ತಿದೆ. ಅದರ ತಳದಲ್ಲಿ ಅಕ್ಕಿಹಿಟ್ಟಿನ ಉಂಡೆಗಳಿವೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಹಬೆಗೆ ಮುಖ ಕೊಟ್ಟು ಅವುಗಳನ್ನೇ ನೋಡುತ್ತಿದ್ದಾರೆ. ಉಂಡೆ ಮೇಲೆ ತೇಲಿದರೆ ಬೆಂದಿದೆ ಎಂದರ್ಥ. ತೇಲಿದ್ದನ್ನು ತಕ್ಷಣ ಒತ್ತಬೇಕು. ಆರಿದ ಹಿಟ್ಟು ಅಚ್ಚಿನ ತೂತುಗಳಲ್ಲಿ ಇಳಿಯುವುದಿಲ್ಲ; ಎಷ್ಟು ಬಲ ಹಾಕಿದರೂ ಅಲ್ಲಾಡುವುದಿಲ್ಲ.

ಹೋಟೆಲಿನಲ್ಲಿ ಎಲ್ಲರೂ ಇವರನ್ನು ಶಾವಿಗೆ ಅಕ್ಕ ಎನ್ನುತ್ತಾರೆ. ದಕ್ಷಿಣದ ತಿಂಡಿ ಎಂದರೆ ಇಡ್ಲಿ, ದೋಸೆ, ವಡೆಗೆ ಮುಗಿಯಿತು ಎಂದುಕೊಂಡವರು ಇವರ ಒತ್ತು ಶಾವಿಗೆ ತಿಂದಿಲ್ಲ. ನೆನೆಸಿದ ಅಕ್ಕಿಗೆ ತೆಂಗಿನಕಾಯಿ ಸೇರಿಸಿ ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಮಗುಚಿ ಗಟ್ಟಿ ಮಾಡಿ, ಉಂಡೆ ಕಟ್ಟಿ, ಬೇಯಿಸಿ, ಒತ್ತಿ ಎಳೆ ತೆಗೆಯುತ್ತಾರೆ. ಅದರ ಮೇಲೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲು. ಸಿಹಿ ಬೇಡವೆಂದರೆ ಸಾಸಿವೆ ಒಗ್ಗರಣೆ, ನಿಂಬೆರಸ. ಚಮಚ ಕೇಳಿದವರಿಗೆ ಅಕ್ಕ ಕೊಡುತ್ತಾರೆ, ಆದರೆ ಮುಖ ಸಿಂಡರಿಸುತ್ತಾರೆ.

ಇದು ಇಬ್ಬರ ಕೆಲಸ. ಶಾವಿಗೆ ಒರಳು ಸೊಂಟದೆತ್ತರದ ಮರದ ಸಾಧನ. ಒಬ್ಬರು ಉಂಡೆ ತುಂಬಿ ಕೆಳಗೆ ಎಳೆ ಹಿಡಿಯಬೇಕು, ಇನ್ನೊಬ್ಬರು ಮೇಲಿನ ಉದ್ದ ಹಿಡಿಯ ಮೇಲೆ ಮೈಭಾರ ಬಿಡಬೇಕು. ಅಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ವಿದ್ಯೆ ಇದು. ಅತ್ತೆ ಹೋದ ಮೇಲೆ ಭಾರ ಬಿಡುತ್ತಿದ್ದವಳು ನಾದಿನಿ. ಮೊನ್ನೆ ನಾದಿನಿಯ ಭುಜ ಉಳುಕಿತು. ಈಗ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾಳೆ. ಕೈಗೆ ಮಾತ್ರ ವಿಶ್ರಾಂತಿ, ಬಾಯಿಗಿಲ್ಲ.

"ನೀರು ಸಾಲ್ದು ಅತ್ತಿಗೆ."

"ಸಾಕು. ನೀನು ಕೂತ್ಕೊ."

"ಕೂತೇ ಇದೀನಲ್ಲ. ಕಣ್ಣು ಕುರುಡಾಗಿಲ್ಲ."

ನಿನ್ನೆ ಇಡೀ ದಿನ ಶಾವಿಗೆ ಇರಲಿಲ್ಲ. ಸಪ್ಲೈಯರ್‌ಗಳು ಕೈಹಾಕಿ ನೋಡಿ ಸೋತರು. ಕೇಳಿದವರಿಗೆಲ್ಲ ಯಜಮಾನರೇ 'ಇಲ್ಲ' ಎಂದು ಹೇಳಬೇಕಾಯಿತು. ಸಂಜೆ ಅವರು ಖಡಾಖಂಡಿತವಾಗಿ ಹೇಳಿದ್ದಾರೆ: "ಬೋರ್ಡಲ್ಲಿ ಬರೆದು ಇಲ್ಲ ಅನ್ನೋದು ನಂಗಾಗಲ್ಲಮ್ಮ. ನಾಳೆ ಒತ್ತಿದ್ರೆ ಸರಿ. ಇಲ್ಲಾಂದ್ರೆ ಅಳಿಸ್ತೀನಿ. ಪ್ಯಾಕೆಟ್ ಶಾವಿಗೆ ತಂದು ಉಪ್ಪಿಟ್ಟು ಮಾಡೋಣ, ನೀವು ತರಕಾರಿ ಹೆಚ್ಚಿ." ಅವರು ಕೆಟ್ಟವರಲ್ಲ. ಹೋಟೆಲು ನಡೆಸುವವರು, ಅಷ್ಟೇ. ಆದರೆ ಅಕ್ಕ ರಾತ್ರಿ ಊಟ ಮಾಡಲಿಲ್ಲವೆಂದು ನಾದಿನಿ ಹೇಳುತ್ತಾಳೆ.

ಈಗ ಉಳಿದಿರುವುದು ದೋಸೆಯಣ್ಣ. ಆಳು ದಪ್ಪ, ಮಾತು ಅದಕ್ಕಿಂತ ದಪ್ಪ. ಕಾವಲಿ ಕಾಯುವವರೆಗೆ ಅವನಿಗೆ ಕೆಲಸವಿಲ್ಲ. ಶಾವಿಗೆಯನ್ನು ಇಷ್ಟು ವರ್ಷ 'ನೂಲು' ಎಂದೇ ಗೇಲಿ ಮಾಡಿದವನು, ಇವತ್ತು ತಾನೇ ಬಂದು ಅಂಗಿಯ ತೋಳು ಮಡಿಸುತ್ತಿದ್ದಾನೆ.

"ನೂಲು ತೆಗೆಯೋಕೆ ಇಷ್ಟೊಂದು ರಂಪನಾ? ತುಂಬಿಸಿ ಅಕ್ಕ."

ಮೊದಲ ಉಂಡೆ ತೇಲುತ್ತದೆ. ಅಕ್ಕ ಕೈಯನ್ನು ತಣ್ಣೀರಿಗದ್ದಿ ಉಂಡೆ ಎತ್ತಿ ಒರಳಿಗೆ ಹಾಕುತ್ತಾರೆ. ದೋಸೆಯಣ್ಣ ಹಿಡಿಯನ್ನು ಜಗ್ಗುತ್ತಾನೆ, ಬಿಡುತ್ತಾನೆ, ಮತ್ತೆ ಜಗ್ಗುತ್ತಾನೆ. ದೋಸೆ ಹೊಯ್ಯುವ ಕೈಗೆ ಝಳಪಿಸುವುದೇ ಅಭ್ಯಾಸ. ಎಳೆ ಬೆರಳುದ್ದ ಇಳಿದು ತುಂಡಾಗುತ್ತದೆ, ಮತ್ತೆ ತುಂಡಾಗುತ್ತದೆ. ತಟ್ಟೆಯಲ್ಲಿ ಬರೀ ಚೂರು.

ನಾದಿನಿ ಬಕೆಟ್ಟಿನಿಂದಲೇ ಇಣುಕುತ್ತಾಳೆ. "ಅಣ್ಣ, ಇದನ್ನ ಕೋಳಿಗೆ ಹಾಕೋದಾ?"

ಯಜಮಾನರು ಒದ್ದೆಬಟ್ಟೆ ಹಿಡಿದು ಬಾಗಿಲಿಗೆ ಬಂದು, ತಟ್ಟೆ ನೋಡಿ, ಬೋರ್ಡಿನ ಕಡೆ ತಿರುಗುತ್ತಾರೆ.

"ಸ್ವಲ್ಪ ತಡೀರಿ," ಎನ್ನುತ್ತಾರೆ ಅಕ್ಕ. ದನಿ ಏರಿಲ್ಲ. ಎರಡನೇ ಉಂಡೆ ತುಂಬಿ ದೋಸೆಯಣ್ಣನ ಮುಂದೆ ನಿಲ್ಲುತ್ತಾರೆ. "ಕೈಯಲ್ಲಿ ಒತ್ತಬೇಡ. ಕೈ ಬರೀ ಹಿಡ್ಕೊಳ್ಳೋಕೆ. ಹೊಟ್ಟೆ ಇಡು ಹಿಡಿ ಮೇಲೆ. ಉಸಿರು ಬಿಡ್ತಾ ಹಾಗೇ ಕುಸೀತಾ ಬಾ. ಉಂಡೆ ಮುಗಿಯೋವರೆಗೆ ಎದ್ದೇಳಬೇಡ."

"ಹೊಟ್ಟೆನಾ?"

"ಇಷ್ಟು ದಿನ ಸಾಕಿದೀಯಲ್ಲ, ಇವತ್ತಾದ್ರೂ ದುಡೀಲಿ."

ನಾದಿನಿ ನಗುತ್ತ ಭುಜದ ನೋವಿಗೆ 'ಅಯ್ಯಮ್ಮ' ಎನ್ನುತ್ತಾಳೆ. ದೋಸೆಯಣ್ಣ ನಗುವುದಿಲ್ಲ. ಹಿಡಿಯ ಮೇಲೆ ಹೊಟ್ಟೆಯಿಟ್ಟು, ಉಸಿರು ಬಿಡುತ್ತ ಕುಸಿಯುತ್ತಾನೆ. ಒರಳು ಕಿರುಗುಟ್ಟುತ್ತದೆ. ಅಚ್ಚಿನಿಂದ ಬಿಳಿ ಎಳೆಗಳು ಒಟ್ಟಿಗೆ ಇಳಿಯುತ್ತವೆ, ತುಂಡಾಗದೆ. ಅಕ್ಕ ತಟ್ಟೆಯನ್ನು ಸುತ್ತ ತಿರುಗಿಸುತ್ತ ಅವನ್ನು ಸಿಂಬಿಯಂತೆ ಹಿಡಿಯುತ್ತಾರೆ. ನಾದಿನಿ ಬಕೆಟ್ಟಿನಿಂದ ಎದ್ದು ಬಂದು ತಟ್ಟೆಯ ಮೇಲೆ ಬಗ್ಗುತ್ತಾಳೆ.

ಬಾಗಿಲು ತೆರೆದಾಗ ಮೊದಲು ನುಗ್ಗುವವರು ರಾತ್ರಿ ಪಾಳಿ ಮುಗಿಸಿದ ಕಾರ್ಖಾನೆಯವರು. ಬೋರ್ಡಿನ ಕೊನೆಯ ಸಾಲು ಹಾಗೇ ಇದೆ. ಯಜಮಾನರ ಒದ್ದೆಬಟ್ಟೆ ಮೇಜು ಒರೆಸುತ್ತಿದೆ. "ಶಾವಿಗೆ ಇದೆ, ಬಿಸಿಬಿಸಿ ಇದೆ," ಎಂದು ಅವರೇ ಕೂಗುತ್ತಿದ್ದಾರೆ, ತಾವೇ ಒತ್ತಿದವರ ಹಾಗೆ.

ಅಕ್ಕ ಒಂದು ವಿಷಯವನ್ನು ತೀರಾ ಮಾಮೂಲಿಯಾಗಿ ಹೇಳುತ್ತಾರೆ. ಈ ಹೋಟೆಲಿನಲ್ಲಿ ಅವರು ಬಿಸಿ ಶಾವಿಗೆ ತಿಂದೇ ಇಲ್ಲ. "ಒಂದು ಒತ್ತುವಾಗ ಇನ್ನೊಂದು ತೇಲ್ತಿರತ್ತೆ. ಬಿಟ್ಟು ಕೂತ್ರೆ ಅದು ಕೆಡತ್ತೆ. ನಮ್ಮಿಬ್ರಿಗೂ ತಳದಲ್ಲಿ ಉಳಿದ ತಣ್ಣಂದೇ ಗತಿ."

ದೋಸೆಯಣ್ಣನಿಗೆ ಅದು ಕೇಳಿಸಿದೆ. ಕಾವಲಿ ಹೊಗೆಯಾಡುತ್ತಿದ್ದರೂ ಕೊನೆಯ ಉಂಡೆ ಒತ್ತಿಯೇ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ಈ ಸಲ ಕೆಳಗೆ ತಟ್ಟೆ ಹಿಡಿದವಳು ನಾದಿನಿ, ಒಂದೇ ಕೈಯಲ್ಲಿ. ಸಿಂಬಿ ಸೊಟ್ಟಗೆ ಬಂದಿದೆ. ಅದರ ಮೇಲೆ ಕಾಯಿಹಾಲು ಸುರಿದು ಅತ್ತಿಗೆಯ ಮುಂದೆ ಚಾಚುತ್ತಾಳೆ.

"ಕೂತು ತಿನ್ನಿ. ಪಾತ್ರೆಲಿ ಇನ್ನೇನೂ ತೇಲ್ತಿಲ್ಲ."

ಅಕ್ಕ ಬಕೆಟ್ಟಿನ ಮೇಲೆ ಕೂರುತ್ತಾರೆ. ಬೆರಳು ಸುಟ್ಟರೂ ತುತ್ತು ಬಿಡುವುದಿಲ್ಲ. ಇಬ್ಬರೂ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದಾರೆ.

"ಹೂಂ," ಎನ್ನುತ್ತಾರೆ ಕೊನೆಗೆ. "ಜನ ಸುಮ್ಸುಮ್ನೆ ಬರ್ತಿರಲಿಲ್ಲ."