ಹೇಸರಗತ್ತೆಯ ಬಾಡಿಗೆ ಸೇರಿಲ್ಲ

ಮೇಸ್ತ್ರಿ ಬುಶ್ತಾ ಸುಳ್ಳು ಹೇಳುವವನಲ್ಲ. ಅರ್ಧ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾನೆ, ಅಷ್ಟೆ. ಫೆಸ್ ಊರಿನ ನಮ್ಮ ಹಳೇಪೇಟೆಯಲ್ಲಿ ಅವನಿಂದ ರಿಪೇರಿ ಮಾಡಿಸಿಕೊಂಡವರೆಲ್ಲ ಉಳಿದರ್ಧವನ್ನು ಗೋಡೆ ಕೆಡವಿದ ಮೇಲೆಯೇ ಕೇಳಿದವರು. ಅವನು ಲಲ್ಲಾ ಬತೂಲ್‌ಗೆ, ಅಂದರೆ ಬತೂಲಮ್ಮನಿಗೆ, ಲೆಕ್ಕ ಹೇಳಿದ್ದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು. ನಾನು ಸಕ್ಕರೆ ತೂಗುತ್ತಿದ್ದೆ.

"ಅಡುಗೆಮನೆ ಸೂರು, ಕೊಳಾಯಿ, ಒಂದು ಗೋಡೆ. ಎಂಟು ಸಾವಿರ ದಿರ್ಹಾಮ್. ಆಮೇಲೆ ನೀನು ಚಹಾ ಕೊಟ್ರೆ ಸಾಕು ಲಲ್ಲಾ."

"ಎಲ್ಲಾ ಸೇರಿನಾ?"

"ಎಲ್ಲಾ ಸೇರಿ."

"ಬುಶ್ತಾ, ಎಲ್ಲಾ ಅಂದ್ರೆ ಏನೇನು ಅಂತ ಈಗ್ಲೇ ಬಾಯಿ ಬಿಟ್ಟು ಹೇಳಿಬಿಡು ಮಾರಾಯ," ಅಂದೆ ನಾನು.

"ಅಲ್ಲಾಲ್, ನೀನು ಸಕ್ಕರೆ ನೋಡ್ಕೋ. ತಕ್ಕಡಿ ನಿನ್ನ ಕಡೆ ವಾಲ್ತಿದೆ."

ಬತೂಲ್ ನಕ್ಕಳು. ಆಮೇಲೆ ಬಹಳ ದಿನ ನಾನು ಆ ನಗು ಕೇಳಲಿಲ್ಲ.

ಅವಳು ಗಂಡ ತೀರಿಹೋದ ಹೆಂಗಸು, ಮಕ್ಕಳಿಲ್ಲ. ಜೆಲ್ಲಾಬಾ ನಿಲುವಂಗಿಗೆ ಹೊಲಿಯುವ ರೇಷ್ಮೆದಾರದ ಗುಂಡಿಗಳನ್ನು ಗಂಟು ಹಾಕಿ ಹಾಕಿ ಮಾಡುವುದು ಅವಳ ಕಸುಬು. ಮಂಡಿನೋವಿನಿಂದ ಬೀದಿಗೆ ಬರುವುದು ಕಡಿಮೆ. ಬಂದರೂ ನನ್ನ ಅಂಗಡಿಯವರೆಗೆ. ಆದರೆ ದಿನಾ ಸಂಜೆ ಹೇಗಾದರೂ ಮಾಡಿ ತಾರಸಿ ಹತ್ತುತ್ತಿದ್ದಳು, ಏಕೆಂದರೆ ಪಕ್ಕದ ತಾರಸಿಯಲ್ಲಿ ತಾಮು ಇರುತ್ತಿದ್ದಳು. ತಾಮುವಿನದೂ ಅದೇ ಗುಂಡಿಯ ಕೆಲಸ, ಅವಳೂ ಒಬ್ಬಂಟಿ. ಇಬ್ಬರ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಬಾಗಿಲುಗಳು ಮಾತ್ರ ಬೇರೆ ಬೇರೆ ಕೇರಿಗೆ. ನಡೆದು ಹೋದರೆ ಮಸೀದಿ ಸುತ್ತಿ, ಚರ್ಮದಂಗಡಿಗಳನ್ನು ದಾಟಿ ಹೋಗಬೇಕು. ಅವರು ಒಬ್ಬರ ಬಾಗಿಲನ್ನು ಇನ್ನೊಬ್ಬರು ನೋಡಿದವರೇ ಅಲ್ಲ.

ತಾಮುವಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಕಿವಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ನಡುವಿನ ಗೋಡೆ ಸೊಂಟದಷ್ಟೇ ಎತ್ತರ ಇದ್ದುದರಿಂದ ಅದಕ್ಕೇನೂ ಅಡ್ಡಿಯಿರಲಿಲ್ಲ. ಇಬ್ಬರಿಗೂ ಬೇಕಾದ ದಾರವನ್ನು ಬತೂಲ್ ನನ್ನಲ್ಲೇ ಕೊಳ್ಳುತ್ತಿದ್ದಳು, ತಾಮು ರೊಟ್ಟಿ, ಪುದೀನ ಕೊಡುತ್ತಿದ್ದಳು. ದಾರಕ್ಕೆಷ್ಟು, ರೊಟ್ಟಿಗೆಷ್ಟು ಎಂದು ಅವರು ಎಂದೂ ಕೇಳಿಕೊಂಡವರಲ್ಲ. ಇಡೀ ಊರಿನಲ್ಲಿ ಬತೂಲ್‌ಗೆ ತನ್ನವಳು ಎಂದು ಇದ್ದದ್ದು ಅವಳೊಬ್ಬಳೇ.

ಸರಿ, ಬುಶ್ತಾ ಸೂರು ಕೆಡವಿದ. ಕೆಡವಿದ ಮೇಲೆ ಮರಳು ಲೆಕ್ಕದಲ್ಲಿ ಸೇರಿಲ್ಲ ಎಂದ. ಸಿಮೆಂಟಿಗೆ ಹಿಡಿದದ್ದು ಹಳೇ ದರ, ಈಗ ಏರಿದೆ ಎಂದ. ಕೊಳಾಯಿ ಸೇರಿತ್ತು, ಅದರ ತಿರುವುಗಳು ಸೇರಿರಲಿಲ್ಲ. ಬತೂಲ್ ಮದುವೆಯಲ್ಲಿ ಬಂದ ಚಿನ್ನದ ಡಾಬನ್ನು ಮಾರಿದಳು. ಕೊನೆಗೆ ಉಳಿದದ್ದು ಅಂಗಳದಲ್ಲಿ ಮಂಡಿಯುದ್ದ ಬಿದ್ದ ಕಲ್ಲುಮಣ್ಣಿನ ರಾಶಿ. ನಮ್ಮ ಗಲ್ಲಿಯಲ್ಲಿ ಇಬ್ಬರು ದಪ್ಪನೆಯವರು ಎದುರಾದರೆ ಒಬ್ಬ ಹಿಂದೆ ಸರಿಯಬೇಕು. ಅದೆಲ್ಲ ಹೊರಗೆ ಹೋಗುವುದು ಹೇಸರಗತ್ತೆಯ ಬೆನ್ನ ಮೇಲೆಯೇ.

"ಹೇಸರಗತ್ತೆ ಲೆಕ್ಕದಲ್ಲಿ ಇಲ್ವಲ್ಲ ಲಲ್ಲಾ," ಎಂದ ಬುಶ್ತಾ. "ಅದು ನನ್ನ ಕಸುಬಲ್ಲ, ಕತ್ತೆಯವನ ಕಸುಬು. ಹೊರದೇಶದವರು ಇಲ್ಲಿನ ಮನೆಗಳನ್ನ ಹೋಟೆಲ್ ಮಾಡ್ತಾ ಇರೋ ಹೊತ್ತಲ್ಲಿ ಕತ್ತೆಯವರು ಒಂದೊಂದು ಸಾಗಾಟಕ್ಕೂ ಎರಡರಷ್ಟು ಕೇಳ್ತಾರೆ."

"ಕೆಡವಿದ್ದು ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆಯೋ, ನನ್ನ ಹೊಟ್ಟೆಗಾ?"

ಮರುದಿನ ಅವಳು ತಂಗಿಯ ಮಗಳ ಮದುವೆಗೆ ಮೆಕ್ನೆಸ್‌ಗೆ ಹೋಗಬೇಕಿತ್ತು. ಹೊರಡುವಾಗ ನನ್ನೆದುರೇ ಅವನಿಗೆ ಹೇಳಿದಳು: "ನಾನು ವಾಪಸ್ ಬರೋ ಹೊತ್ತಿಗೆ ಆ ರಾಶಿ ಅಲ್ಲಿರಬಾರದು. ಏನಾದ್ರೂ ಮಾಡ್ಕೋ. ಹೇಸರಗತ್ತೆಗೆ ಮಾತ್ರ ಒಂದು ಕಾಸೂ ಬಿಚ್ಚಲ್ಲ."

ಅವಳು ಬಂದಾಗ ರಾಶಿ ಇರಲಿಲ್ಲ. ಅಂಗಳ ಗುಡಿಸಿ ತೊಳೆದಿತ್ತು. ಬುಶ್ತಾ ಅವಳನ್ನು ಹೆಮ್ಮೆಯಿಂದ ತಾರಸಿಗೆ ಕರೆದೊಯ್ದನಂತೆ.

"ನೋಡು, ಒಂದು ಚೂರೂ ದಂಡ ಮಾಡ್ಲಿಲ್ಲ. ಎಲ್ಲಾನೂ ಈ ಮೋಟುಗೋಡೆ ಮೇಲೇರಿಸ್ದೆ. ಆಳೆತ್ತರ ಆಯ್ತು. ಸುಣ್ಣ ನನ್ನ ಕಡೆಯಿಂದ. ಒಂಟಿ ಹೆಂಗಸು, ಇನ್ನು ನಿಶ್ಚಿಂತೆ."

ಅವನು ಆಯುಷ್ಯದಲ್ಲಿ ಬಿಟ್ಟಿ ಮಾಡಿಕೊಟ್ಟ ಕೆಲಸ ಅದೊಂದೇ.

ನಮ್ಮಲ್ಲಿ ಹೇಳದೆ ಕೇಳದೆ ತಾರಸಿಯ ಗೋಡೆ ಏರಿಸುವುದೆಂದರೆ, ನಿನ್ನ ಕಣ್ಣು ನನ್ನ ಮನೆಯ ಮೇಲೆ ಬೀಳುವುದು ಬೇಡ ಎಂದು ಮುಖಕ್ಕೆ ಹೊಡೆದಂತೆ. ಜಗಳವಾಡಿದವರು ಮಾಡುವ ಕೆಲಸ ಅದು. ಬತೂಲ್ ಆ ಸಂಜೆ ಗೋಡೆಯ ಈಚೆ ನಿಂತು ತಾಮು, ತಾಮು ಎಂದು ಕೂಗಿದಳು. ಇಡೀ ಕೇರಿಗೆ ಕೇಳಿಸಿತು, ಕೇಳಬೇಕಾದವಳೊಬ್ಬಳನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಅವಳು ಅಂಗಡಿಗೆ ಬಂದು, "ಅಲ್ಲಾಲ್, ನನ್ನ ಜೊತೆ ಬಾ. ಆ ಮನೆ ಬಾಗಿಲು ಯಾವುದು ಅಂತಾನೂ ನಂಗೊತ್ತಿಲ್ಲ," ಅಂದಳು. ವ್ಯಾಪಾರದ ಹೊತ್ತು. ಗೊಣಗುತ್ತ ಬಾಗಿಲೆಳೆದುಕೊಂಡು ಹೋದೆ. ಅವಳ ಮಂಡಿಗಾಗಿ ಐದಾರು ಕಡೆ ಕೂತು ಕೂತು ಹೋದೆವು.

ಆ ಕೇರಿಯಲ್ಲಿ ತಾಮು ಎಂದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೊಬ್ಬ ಹೆಂಗಸು, "ಓ, ಆ ಕಿವುಡೀನಾ?" ಎಂದಳು.

"ಅವಳಿಗೆ ಹೆಸರಿದೆ," ಎಂದು ಬತೂಲ್ ಉರಿದುಬಿದ್ದಳು.

ಆ ಹೆಂಗಸು ಬಾಗಿಲು ತೋರಿಸಿದಳು. "ತಟ್ಟಿ ಪ್ರಯೋಜನ ಇಲ್ಲ ತಾಯಿ, ಕೇಳಲ್ಲ. ರೊಟ್ಟಿ ಸುಡಿಸೋಕೆ ಹೋಗಿರ್ಬೇಕು, ಬರ್ತಾಳೆ."

ಕಾದೆವು. ಕೇರಿಯವರ ರೊಟ್ಟಿ ಸುಡುವ ಒಲೆಮನೆಯ ಕಡೆಯಿಂದ ತಲೆಯ ಮೇಲೆ ರೊಟ್ಟಿಹಲಗೆ ಹೊತ್ತು ಒಬ್ಬ ಕುಳ್ಳಿ ಬಂದಳು. ಬತೂಲ್‌ಳನ್ನು ಕಂಡು ನಿಂತಳು. ಅವರು ಒಬ್ಬರನ್ನೊಬ್ಬರು ಬೀದಿಯಲ್ಲಿ ನೋಡಿದ್ದು ಅದೇ ಮೊದಲು.

"ತಾಮು, ಅದು ನಾನಲ್ಲ ಕಣೇ. ಆ ಮುಠ್ಠಾಳ ಮೇಸ್ತ್ರಿ..."

ತಾಮು ಕಣ್ಣು ತಗ್ಗಿಸಿದಳು. ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಕಣ್ಣು ತಗ್ಗಿಸುವುದೆಂದರೆ ನಾವು ಕಿವಿ ಮುಚ್ಚಿಕೊಳ್ಳುವುದು. ನೆಲ ನೋಡುತ್ತಲೇ ಬೀಗ ತೆಗೆದಳು, ಒಳಗೆ ಹೋದಳು. ಬತೂಲ್ ಮುಚ್ಚಿದ ಬಾಗಿಲಿಗೆ ಇನ್ನೂ ಏನೇನೋ ಹೇಳುತ್ತಿದ್ದಳು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಬುಶ್ತಾನನ್ನು ಕರೆಸಿ, ಗೋಡೆ ಇಳಿಸಲು ಎಷ್ಟು ಎಂದು ಕೇಳಿದೆ.

"ಎರಡು ಸಾವಿರ. ಹೇಸರಗತ್ತೆ ಬೇರೆ. ನೋಡು, ಈ ಸಲ ಮೊದಲೇ ಹೇಳ್ತಿದೀನಿ."

ಬತೂಲ್ ಹತ್ತಿರ ಎರಡು ನೂರೂ ಉಳಿದಿರಲಿಲ್ಲ. ನಾನು ಕೊಡುತ್ತೇನೆ ಎಂದರೆ, "ನೀನು ನಿನ್ನ ಸಕ್ಕರೆ ಮಾರು," ಎಂದು ಗದರಿದಳು. ಹಿತ್ತಾಳೆಯ ಕುಟ್ಟಾಣಿ ತೆಗೆದುಕೊಂಡು ತಾರಸಿಗೆ ಹತ್ತಿ, ಎದೆಮಟ್ಟದಲ್ಲಿ ತಾನೇ ಒಂದು ಕಲ್ಲು ಕಿತ್ತಳು. ಅಂಗೈ ಸುಲಿದು ಹೋಯಿತು. ಕೈ ತೂರುವಷ್ಟು ಕಿಂಡಿಯಾಯಿತು. ಅದರಾಚೆ ತಾಮು ಬೆನ್ನು ಹಾಕಿ ಕೂತು ಗುಂಡಿ ಕಟ್ಟುತ್ತಿದ್ದಳಂತೆ. ಕಲ್ಲು ಬಿದ್ದದ್ದು ಅವಳಿಗೆ ಎಲ್ಲಿ ಕೇಳಬೇಕು?

ಬತೂಲ್ ಮೊದಲಿನ ಹಾಗೆಯೇ ಇಬ್ಬರಿಗಾಗುವಷ್ಟು ದಾರ ಕೊಂಡಳು. ತಾಮುವಿಗೆ ಪ್ರಿಯವಾದ ಕುಂಕುಮಬಣ್ಣದ ಉಂಡೆಯನ್ನು ಕಿಂಡಿಯಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ಅಲ್ಲೇ ಇತ್ತು. ಮರುದಿನವೂ ಅಲ್ಲೇ. ಅಂಗಡಿಗೆ ಬಂದಾಗಲೆಲ್ಲ ನಾನು ಕೇಳುತ್ತಿದ್ದೆ, ಅವಳು ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ನಿನ್ನೆ ಅವಳು ಬಂದು ಕಟ್ಟೆಯ ಮೇಲೆ ಕೂತಳು. ಕೇಳುವ ಮೊದಲೇ, "ತಗೊಂಡಳು," ಅಂದಳು.

"ಅಲ್ಹಮ್ದುಲಿಲ್ಲಾ! ಮತ್ಯಾಕೆ ಈ ಮುಖ?"

ಅವಳು ಮುಷ್ಟಿ ಬಿಚ್ಚಿ ತಕ್ಕಡಿಯ ಪಕ್ಕ ಚಿಲ್ಲರೆ ಇಟ್ಟಳು. ಒಂದು ಉಂಡೆಗೆ ನಾನು ತೆಗೆದುಕೊಳ್ಳುವ ಬೆಲೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

"ದಾರ ಇದ್ದ ಜಾಗದಲ್ಲಿ ಇದನ್ನಿಟ್ಟಿದ್ದಾಳೆ, ಅಲ್ಲಾಲ್. ನಂಗೆ ದುಡ್ಡು ಕೊಟ್ಟಿದ್ದಾಳೆ."

ನಾನು ಆ ಚಿಲ್ಲರೆಯನ್ನು ಮುಟ್ಟಲಿಲ್ಲ.

"ನೀನೇ ಇಟ್ಕೋ," ಅಂದಳು ಬತೂಲ್. "ನಂಗೆ ಇನ್ನೊಂದು ಉಂಡೆ ಕೊಡು. ಅದೇ ಬಣ್ಣದ್ದು."